ಸದ್ದಿನಲ್ಲಿ ಮಾತ್ರ ಕೇಳುತ್ತಿದ್ದ ಕಿವಿ

ನನ್ನ ತಂಗಿಯ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಮೂವತ್ತು ವರ್ಷದ ಹಿಂದೆ ನಾನು ಐದು ಜನ ದೊಡ್ಡವರ ಮುಂದೆ ತೋರಿಸಿಕೊಟ್ಟೆ. ಅವರು ನಂಬಿದರು. ಅದು ಸುಳ್ಳಾಗಿತ್ತು. ಆ ಸುಳ್ಳಿನಲ್ಲಿ ನನ್ನ ಅಜ್ಞಾನ ಎಷ್ಟು, ಕಳ್ಳತನ ಎಷ್ಟು ಎಂದು ಬಿಡಿಸಿ ಬರೆದಿಡೋಣವೆಂದು ಕುಳಿತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರೆದು ಅಭ್ಯಾಸವಿಲ್ಲ. ಬರೆಯುವ ಧೈರ್ಯ ಬಂದಿರುವುದು ತಂಗಿಯ ದಯೆಯಿಂದ. ಮೊದಲು ಅವಳಿಗೆ ಕೈಮುಗಿದು ಶುರು ಮಾಡುತ್ತೇನೆ.

ಚನ್ನಪಟ್ಟಣದಲ್ಲಿ ನಮ್ಮದು ಮೂರು ಲೇತಿನ ಗೊಂಬೆ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಹಿಂದೆ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ, ಅಷ್ಟೇ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದು ಕಡೆಯುತ್ತೇವೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಅರಗು ಕಾವಿಗೆ ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಮೂರು ಲೇತೂ ಓಡುವಾಗ ಶೀಟಿನ ಕೆಳಗೆ ಆಗುವ ಸದ್ದು, ಹೊಸಬರು ಐದು ನಿಮಿಷ ನಿಲ್ಲಲಾರದಷ್ಟು.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಪ್ಪ ಬೇಗ ತೀರಿಕೊಂಡರು, ಅವಳನ್ನು ಸಾಕಿದ್ದು ನಾನೇ. ಅರಗು ಹಚ್ಚುವುದರಲ್ಲಿ ಅವಳಷ್ಟು ನಯದ ಕೈ ನಮ್ಮ ಬೀದಿಯಲ್ಲೇ ಇರಲಿಲ್ಲ. ಅವಳನ್ನು ರಾಮನಗರದ ಆಚೆ ಕೂಟಗಲ್‌ಗೆ ಕೊಟ್ಟೆವು. ರಾಗಿ, ಹಿಪ್ಪುನೇರಳೆ ಬೆಳೆಯುವ ಒಕ್ಕಲು ಮನೆ. ಗಂಡ ದುಡಿಮೆಗಾರ, ಒಂದಿಷ್ಟು ಮುಂಗೋಪಿ.

ಮೊದಲ ಹೆಣ್ಣುಮಗು ಹುಟ್ಟಿ ಆರು ತಿಂಗಳಾಗಿರಬೇಕು, ದೂರು ಬರತೊಡಗಿತು. ಅತ್ತೆ ಅಡುಗೆಮನೆಯಿಂದ ಕರೆದರೆ ಹಜಾರದಲ್ಲಿ ಕುಳಿತ ಸೊಸೆ ಓಗೊಡುವುದಿಲ್ಲ. ಗಂಡ ಹಿಂದಿನಿಂದ ಮಾತಾಡಿದರೆ ತಿರುಗಿಯೂ ನೋಡುವುದಿಲ್ಲ. ಬಾಯಿ ಬಿಟ್ಟರೆ ಯಾರಿಗೂ ಕೇಳದ ಹಾಗೆ ಗೊಣಗುತ್ತಾಳೆ, ಬೈದುಕೊಳ್ಳುತ್ತಿದ್ದಾಳೋ ಏನೋ. ಕಿವುಡು ಬಂದಿದೆಯೇನೋ ಎಂದು ಅವರೂ ಮೊದಲು ಅಂದುಕೊಂಡಿದ್ದರಂತೆ. ಆದರೆ ಹಿಟ್ಟಿನ ಗಿರಣಿಗೆ ಹೋದರೆ ಅಲ್ಲಿ ಎಲ್ಲರ ಜೊತೆ ಮಾತು, ನಗು. ಬಸ್ಸಿನಲ್ಲಿ ಪಕ್ಕದವರು ಕೇಳಿದ್ದಕ್ಕೆಲ್ಲ ಉತ್ತರ.

ಅತ್ತೆ ನನ್ನ ಮುಂದೆಯೇ ಹೇಳಿದರು: "ಮನೇಲಿ ಮೂಗಿ, ಗಿರಣೀಲಿ ಮಾತ್ಗಾರ್ತಿ. ನಾನ್ ಕೂಗುದ್ರೆ ಕೇಳಕಿಲ್ಲ, ಅಲ್ಲಿ ಮಿಸಿನ್ ಓಡೋವಾಗ ಊರೋರ್ ಮಾತೆಲ್ಲ ಕೇಳ್ತದೆ. ಇದ್ಯಾವ್ ಸೀಮೆ ಕಿವುಡಪ್ಪ?"

ಕೊನೆಗೊಂದು ದಿನ ಗಂಡ, ತಂಗಿಯನ್ನೂ ಮಗುವನ್ನೂ ನಮ್ಮ ಮನೆಗೆ ತಂದು ಬಿಟ್ಟ. "ಭಾವ, ಕಿವುಡಾದ್ರೆ ಕಿವುಡು ಅನ್ನಿ, ಕೊಬ್ಬಾದ್ರೆ ಕೊಬ್ಬು ಅನ್ನಿ. ನಮ್ಮೂರ್ ದೊಡ್ಡೋರ್ನ ಕರ್ಕಬತ್ತೀನಿ, ತೀರ್ಮಾನ ಆಗೋಗ್ಲಿ" ಎಂದ.

ತಂಗಿ ನಮ್ಮಲ್ಲಿ ಹದಿನೈದು ದಿನ ಇದ್ದಳು. ಸುಮ್ಮನೆ ಕೂರುವವಳಲ್ಲ, ಮಗುವನ್ನು ನನ್ನ ಹೆಂಡತಿಗೆ ಕೊಟ್ಟು ಲೇತಿನ ಮುಂದೆ ಬಂದು ಕುಳಿತಳು. ಕೆಲಸ ನಡೆಯುವಾಗ ನಾನು ಹೇಳಿದ ಒಂದು ಮಾತಿಗೂ ಅವಳು 'ಏನು' ಎಂದು ತಿರುಗಿ ಕೇಳಲಿಲ್ಲ. 'ಇವಳಿಗೆ ಏನೂ ಆಗಿಲ್ಲ' ಎಂದು ನನಗೆ ಸಮಾಧಾನವಾಯಿತು. ಇಲ್ಲಿಯವರೆಗೆ ನನ್ನದು ಅಜ್ಞಾನ. ದೇವರು ಇದನ್ನು ಕ್ಷಮಿಸಬಹುದು.

ಆಗ ದಿನಾ ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ತೆಗೆಯುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ, ಕರೆಂಟು ಹೋಗಿ ಮೂರು ಲೇತೂ ನಿಂತವು. ಕೋಣೆಯೆಲ್ಲ ನಿಶ್ಶಬ್ದವಾಯಿತು. ನಾನು ಕುಳಿತಲ್ಲಿಂದಲೇ "ಅಮ್ಮಿ, ಒಸಿ ನೀರ್ ಕೊಡವ್ವ" ಎಂದೆ. ಅವಳು ತಾಳೆಗರಿ ಜೋಡಿಸುತ್ತಾ ಕುಳಿತೇ ಇದ್ದಳು. ಇನ್ನೊಂದು ಸಲ ಕೇಳಿದೆ. ಇಲ್ಲ. ಮಾರನೆಯ ದಿನ ಕರೆಂಟು ಹೋದಾಗ ಬೇಕೆಂದೇ ಕರೆದೆ. ಅದರ ಮಾರನೆಯ ದಿನವೂ ಕರೆದೆ. ಲೇತು ಓಡುವಾಗ ಕೇಳುತ್ತದೆ, ನಿಂತರೆ ಕೇಳುವುದಿಲ್ಲ. ಇದು ನನ್ನ ಬುದ್ಧಿಗೆ ನಿಲುಕುವ ಸಂಗತಿಯಲ್ಲ. ಆದರೆ ನಿಲುಕಲಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ನನ್ನ ದೊಡ್ಡ ಮಗಳಿಗೆ ಆಗ ಗಂಡು ನೋಡುತ್ತಿದ್ದೆವು. ನಮ್ಮ ಸೋದರತ್ತೆಯೊಬ್ಬರು ಸಣ್ಣ ವಯಸ್ಸಿಗೇ ಕಿವುಡಾಗಿದ್ದವರು, ಊರೆಲ್ಲ ಅವರನ್ನು ಅದೇ ಹೆಸರಿನಿಂದ ಕರೆಯುತ್ತಿತ್ತು. ಈಗ ತಂಗಿಯೂ ಹಾಗೆ ಎಂದು ನಾಲ್ಕು ಜನರ ಮುಂದೆ ತೀರ್ಮಾನವಾದರೆ, ಆ ಮನೆಯ ರಕ್ತದಲ್ಲೇ ಇದೆ ಎನ್ನುತ್ತಾರೆ. ತಂಗಿ ನಮ್ಮ ಮನೆಯಲ್ಲೇ ಉಳಿಯುತ್ತಾಳೆ, ಮಗಳೂ ಉಳಿಯುತ್ತಾಳೆ. ಹೀಗೆಲ್ಲ ಲೆಕ್ಕ ಹಾಕಿದವನು ನಾನು. ಬೇರೆ ಯಾರೂ ನನ್ನ ಕಿವಿಯಲ್ಲಿ ಊದಲಿಲ್ಲ.

ದೊಡ್ಡವರು ಬಂದದ್ದು ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ. ಬಿಸಿಲಲ್ಲಿ ಬಂದವರು, ಜಗುಲಿಯ ಮೇಲೆ ಕುಳಿತು ಬೆವರು ಒರೆಸಿಕೊಂಡರು. ನನ್ನ ಹೆಂಡತಿ ಕಾಫಿಗೆ ಇಟ್ಟಳು.

"ಮೊದ್ಲು ನೋಡೋದ್ ನೋಡ್ಬುಡಿ, ಕಾಪಿ ಆಮೇಲ್ ಕುಡಿಯೋರಂತೆ" ಎಂದೆ ನಾನು.

"ಯಾಕ್ಲಾ, ಕಾಪಿ ಓಡೋಯ್ತದಾ?" ಎಂದು ಅವರಲ್ಲಿ ಹಿರಿಯರೊಬ್ಬರು ನಕ್ಕರು.

ಓಡಿಹೋಗುವುದು ಕಾಫಿಯಲ್ಲ, ಕರೆಂಟು. ನಾನು ಅವರನ್ನು ಅವಸರಪಡಿಸಿದ್ದು ಅದಕ್ಕೇ. ಇದೇ ನನ್ನ ಕಳ್ಳತನ. ಮೂವತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ತಂಗಿ ಬಾಗಿಲಿಗೆ ಬೆನ್ನು ಮಾಡಿ ಅರಗು ಹಚ್ಚುತ್ತಿದ್ದಳು. ಮೂರು ಲೇತೂ ಓಡುತ್ತಿದ್ದವು. ನಾವು ಏಳು ಜನ ಅವಳ ಹಿಂದೆ ನಿಂತೆವು. ನಾನು ಸಾಧಾರಣ ದನಿ ಎಂದುಕೊಂಡ ದನಿಯಲ್ಲಿ, "ಅಮ್ಮಿ, ಆ ಕೆಂಪರಗು ತತ್ತಾ" ಎಂದೆ. ಅವಳು ತಿರುಗದೆಯೇ ಕೆಂಪು ಅರಗಿನ ಕಡ್ಡಿ ತೆಗೆದು ಹಿಂದಕ್ಕೆ ಚಾಚಿದಳು. "ಮಗಿಗೆ ಹಾಲ್ ಕುಡಿಸ್ದಾ?" ಎಂದೆ. "ಊಂ ಕಣಣ್ಣ, ಆಗ್ಲೇ ಕುಡುಸ್ದೆ" ಎಂದಳು.

ಕಿವಿಗೆ ಕೈ ಆನಿಸಿಕೊಂಡಿದ್ದ ಆ ಹಿರಿಯರು ಹೊರಗೆ ಬಂದು ಹೇಳಿದರು: "ನೀನ್ ಅಂದುದ್ದು ನಮ್ಗೇ ಕೇಳ್ನಿಲ್ಲ, ಆವಮ್ಮಂಗ್ ಕೇಳ್ತು! ಕಿವಿ ಸರ್ಯಾಗೈತೆ. ಸರಿ ಇಲ್ದೇ ಇರೋದು ಬುದ್ಧಿ."

ಅವರು ಕಾಫಿ ಕುಡಿಯುತ್ತಿರುವಾಗ ಕರೆಂಟು ಹೋಯಿತು. ತಂಗಿ ಹೊರಗೆ ಬಂದು ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಳು. ಹಿರಿಯರು ಮೆತ್ತಗೆ, "ಚೆನ್ನಾಗ್ ಬಾಳವ್ವ, ಇನ್ಮೇಲಾದ್ರೂ ಅತ್ತೆ ಮಾತ್ ಕೇಳು" ಎಂದರು. ಅವಳು ಹೂಂ ಎನ್ನಲಿಲ್ಲ, ಮುಖವನ್ನೂ ಎತ್ತಲಿಲ್ಲ. "ನೋಡುದ್ರಾ ಕೊಬ್ಬ?" ಎಂದ ಗಂಡ. ನಾನು ಲೋಟದೊಳಗೆ ನೋಡುತ್ತಾ ಕುಳಿತಿದ್ದೆ.

ಮಾರನೆಯ ದಿನ ಕೂಟಗಲ್‌ನಲ್ಲಿ ಅವಳ ಕೈಗೆ ಎಲೆ ಅಡಿಕೆ ಕೊಟ್ಟು ಅತ್ತೆಯ ಕಾಲಿಗೆ ಬೀಳಿಸಿ ತಪ್ಪಾಯಿತು ಅನ್ನಿಸಿದರು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವನೂ ನಾನೇ. ಆ ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಅವರ ಮುಂದೆ ನಿಂತು ಹೇಳುವ ಅವಕಾಶ ನನಗಿನ್ನು ಇಲ್ಲ.

ತಂಗಿ ಬಾಳಿದಳು. ಬರಬರುತ್ತಾ ಮಾತು ಕಡಿಮೆ ಮಾಡಿದಳು. ಗಂಡ ಅವಳನ್ನು ಬಿಡಲಿಲ್ಲ, ಹೊಡೆಯಲಿಲ್ಲ. ಆದರೆ ಕೂಗದೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವಳ ಮಗಳು ಬೆಳೆದು, ಓದಿ, ರಾಮನಗರದಲ್ಲೇ ಮದುವೆಯಾದಳು.

ಇನ್ನು ಮುಂದಿನದು ಹೋದ ವರ್ಷದ ಮಾತು. ಆ ಮಗಳಿಗೆ ಎರಡನೆಯ ಬಾಣಂತನ ಮುಗಿದಿತ್ತು. ಒಂದು ದಿನ ಫೋನ್ ಮಾಡಿ, "ಮಾವ, ಕಿವಿ ಡಾಕ್ಟ್ರ ಹತ್ರ ಹೋಗ್ಬೇಕು, ನಮ್ ಮನೆಯೋರಿಗೆ ಡ್ಯೂಟಿ. ಮಗು ಎತ್ಕೊಳಕ್ಕೆ ಬರ್ತೀಯಾ?" ಎಂದಳು. ಹೋದೆ. ಮಗು ಎತ್ತಿಕೊಂಡು ಹೋದವನಿಗೆ ಡಾಕ್ಟರಮ್ಮನ ಕೋಣೆಯಲ್ಲೇ ಕುರ್ಚಿ ಕೊಟ್ಟರು.

ಡಾಕ್ಟರಮ್ಮ ಒಂದು ಶ್ರುತಿಕವೆ ತೆಗೆದು ಮೊಣಕೈಗೆ ತಟ್ಟಿದರು. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟರು ತೋರಿಸಿದ್ದರಲ್ಲ, ಅಂಥದ್ದೇ ಎರಡು ಕವಲಿನ ಕಬ್ಬಿಣ. ಅದನ್ನು ಕಿವಿಯ ಮುಂದೆ ಹಿಡಿದಾಗ ಹುಡುಗಿ, "ಸರ್ಯಾಗಿ ಕೇಳ್ತಿಲ್ಲ" ಎಂದಳು. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ, "ಅಯ್ಯೋ, ಈಗ ಜೋರಾಗ್ ಕೇಳ್ತದೆ!" ಎಂದು ಬೆಚ್ಚಿದಳು.

"ಗಲಾಟೆ ಇರೋ ಕಡೆ ಚೆನ್ನಾಗಿ ಕೇಳಿಸುತ್ತಾ? ಬಸ್ಸಲ್ಲಿ, ಮದುವೆ ಮನೇಲಿ?"

"ಊಂ ಮೇಡಂ. ಬಸ್ಸಲ್ಲಿ ಎಲ್ಲಾ ಕೇಳ್ತದೆ, ಮನೇಲೇ ಕೇಳಲ್ಲ. ನಿಮ್ಗೆಂಗ್ ಗೊತ್ತಾಯ್ತು?"

ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆನೇನೋ, ಅದು ಅತ್ತಿತು.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕಿವಿಯ ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಕೊನೆಯದು ಕುದುರೆ ಸವಾರ ಕಾಲಿಡುವ ರಿಕಾಪಿನ ಹಾಗಿದೆ, ದೇಹದ ಮೂಳೆಗಳಲ್ಲೆಲ್ಲ ಅದೇ ಚಿಕ್ಕದು. ಒಳಕಿವಿಯ ಬಾಗಿಲಲ್ಲಿ ಅದು ಅಲ್ಲಾಡುತ್ತಿದ್ದರೆ ಸದ್ದು ಒಳಗೆ ಹೋಗುತ್ತದೆ. ಕೆಲವರಿಗೆ ಆ ಒಳಕಿವಿಯ ಸುತ್ತಲ ಮೂಳೆ ಬೇಡದ ಕಡೆ ಬೆಳೆದು ರಿಕಾಪಿನ ಕಾಲನ್ನು ಹಿಡಿದುಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಹೆಂಗಸರಲ್ಲಿ ಹೆಚ್ಚು, ಕೆಲವರಿಗೆ ಬಾಣಂತನದ ಸುಮಾರಿಗೆ ಗೊತ್ತಾಗುತ್ತದೆ, ಎಷ್ಟೋ ಸಲ ಮನೆತನದಲ್ಲೂ ಬರುತ್ತದೆ.

"ಮತ್ತೆ ಸದ್ದಿನಲ್ಲಿ ಯಾಕೆ ಕೇಳಿಸುತ್ತೆ ತಾಯಿ?" ಎಂದು ಕೇಳಿದವನು ನಾನು.

"ಗಲಾಟೆ ಇದ್ದಾಗ ಎಲ್ಲರೂ ಗೊತ್ತಿಲ್ಲದೆ ಗಂಟಲು ಎತ್ತಿ ಮಾತಾಡ್ತೀವಿ ಯಜಮಾನ್ರೇ. ಆ ಗಲಾಟೆ ನಮಗೆ ಅಡ್ಡ ಬರುತ್ತೆ, ಇವರಿಗೆ ಅದೇ ಸರಿಯಾಗಿ ಕೇಳಿಸಲ್ಲ. ಹಾಗಾಗಿ ಎತ್ತಿದ ಮಾತು ಮಾತ್ರ ತಲುಪುತ್ತೆ. ಮನೆ ಸುಮ್ಮನಿದ್ದಾಗ ನಾವು ಮೆಲ್ಲಗೆ ಮಾತಾಡ್ತೀವಿ, ಅದು ತಲುಪಲ್ಲ. ಅವರ ದನಿ ಅವರಿಗೆ ಮೂಳೆ ಮೂಲಕ ಜೋರಾಗೇ ಕೇಳಿಸುತ್ತೆ, ಅದಕ್ಕೆ ತುಂಬ ಮೆಲ್ಲಗೆ ಮಾತಾಡ್ತಾರೆ. ನೋಡಿದವರು ಗೊಣಗ್ತಾರೆ ಅಂದ್ಕೋತಾರೆ."

ನನ್ನ ತಂಗಿಯ ಮೇಲೆ ಹೊರಿಸಿದ್ದ ಒಂದೊಂದು ಆಪಾದನೆಯನ್ನೂ ಆ ಪುಣ್ಯಾತ್ಮೆ, ಅವಳನ್ನು ಕಾಣದೆಯೇ ಇಳಿಸಿಬಿಟ್ಟರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಅವರು ಕೇಳಿದಾಗ ಹುಡುಗಿ ನಗುತ್ತಲೇ ಹೇಳಿದಳು: "ನಮ್ಮವ್ವಂಗೂ ಇಂಗೇ ಮೇಡಂ. ಆದ್ರೆ ಅವ್ವಂದು ಕಿವಿ ಅಲ್ಲ, ಕೊಬ್ಬು ಅಂತಾರೆ ನಮ್ಮಪ್ಪ."

ಡಾಕ್ಟರಮ್ಮ ನಗಲಿಲ್ಲ. "ಅವರನ್ನ ನಾಳೆನೇ ಕರ್ಕೊಂಡ್ ಬನ್ನಿ" ಎಂದರು.

ಕರೆದುಕೊಂಡು ಹೋದವನು ನಾನು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಐವತ್ತೆಂಟರ ಹೆಂಗಸು, ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಹುಬ್ಬು ಗಂಟಿಕ್ಕಿ ಕುಳಿತಿದ್ದಳು. ಎಡಗಿವಿಯಲ್ಲಿ ಕಾಯಿಲೆ ಒಳಕಿವಿಗೂ ಹರಡಿ ನರದ ಶಕ್ತಿಯೇ ಬಹುಪಾಲು ಹೋಗಿತ್ತು. ಬಲಗಿವಿಗೆ ಆಪರೇಷನ್ ಮಾಡಬಹುದು: ಸಿಕ್ಕಿಕೊಂಡ ಮೂಳೆಯನ್ನು ತೆಗೆದು, ಅದರ ಜಾಗಕ್ಕೆ ಅಕ್ಕಿಕಾಳಿಗಿಂತ ಸಣ್ಣ ಕಡ್ಡಿ ಕೂರಿಸುತ್ತಾರೆ. ಫಲ ಸಿಗದೆಯೂ ಇರಬಹುದು, ಅಪರೂಪಕ್ಕೆ ಇರುವುದೂ ಹೋಗಬಹುದು, ಬೇಡವೆಂದರೆ ಕಿವಿಗೆ ಮಿಷನ್ ಹಾಕಿಕೊಳ್ಳಬಹುದು ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. "ಎಡಗಡೇದು, ಆಗಲೇ ಬಂದಿದ್ದರೆ..." ಎಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ತಂಗಿ ಆಪರೇಷನ್ನೇ ಆಗಲಿ ಎಂದಳು.

ಇನ್ನು ನಾನು ಹೇಳಲೇಬೇಕಿತ್ತು. ರಾಮನಗರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತಿದ್ದೆವು. ಬಸ್ಸಿನಲ್ಲಿ ಹೇಳಿದ್ದರೆ ಅವಳಿಗೆ ಕೇಳುತ್ತಿತ್ತು. ಅದಕ್ಕೇ ಬಸ್ಸಿನಲ್ಲಿ ಹೇಳಲಿಲ್ಲ. ನಮ್ಮ ಮನೆಗೆ ಬಂದು, ಅವಳು ಅಕ್ಕಿ ಆರಿಸುತ್ತಾ ಕುಳಿತಾಗ, ಮೆಲ್ಲಗೆ ಹೇಳಿದೆ. ಕರೆಂಟು, ಅವಸರ, ಕಾಫಿ, ಎಲ್ಲವನ್ನೂ ಹೇಳಿದೆ. ನನ್ನ ತುಟಿ ಅಲ್ಲಾಡುವುದನ್ನು ಕಂಡು ಅವಳು ತಲೆ ಎತ್ತಿ, "ಏನಣ್ಣ?" ಎಂದಳು.

"ಏನಿಲ್ಲ ಕಣವ್ವ" ಎಂದೆ.

ಎಪ್ಪತ್ತು ದಾಟಿದ ಮೇಲೂ ನಾನು ಅಷ್ಟೇ ಗಂಡಸು.

ಆಪರೇಷನ್ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಹಿಂದಿನ ದಿನವೇ ಸೇರಿಸಿಕೊಂಡರು. ಆರು ಹಾಸಿಗೆಯ ವಾರ್ಡು, ಮಧ್ಯಾಹ್ನದ ಊಟ ಮುಗಿದು ಎಲ್ಲ ಸದ್ದಡಗಿತ್ತು. ಇರುವುದೂ ಹೋಗಬಹುದು ಎಂದಿದ್ದರಲ್ಲ, ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾದರೆ ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು. ಅವಳ ಹಾಸಿಗೆಯ ಪಕ್ಕದಲ್ಲಿ ಬಗ್ಗಿ, "ಅಮ್ಮಿ, ನಾನೊಂದ್ ತಪ್ಪ್ ಮಾಡಿವ್ನಿ" ಎಂದೆ.

"ಆಂ?"

ಎದುರು ಹಾಸಿಗೆಯಲ್ಲಿ ಮಾಗಡಿ ಕಡೆಯ ಒಬ್ಬ ಅಜ್ಜಿ ಎದ್ದು ಕುಳಿತಿದ್ದರು. "ಒಸಿ ಜೋರಾಗ್ ಏಳಪ್ಪ ಯಜಮಾನ. ಕಿವಿ ವಾರ್ಡ್‌ಗ್ ಬಂದು ಪಿಸುಪಿಸು ಅಂದ್ರೆ ಯಾರಪ್ಪ ಕೇಳಿಸ್ಕೋತಾರೆ?" ಎಂದರು.

ಆಗ ಜೋರಾಗಿಯೇ ಹೇಳಿದೆ. ಆರು ಹಾಸಿಗೆಯವರಿಗೂ, ಬಾಗಿಲಲ್ಲಿ ನಿಂತಿದ್ದ ನರ್ಸಿಗೂ ಕೇಳುವ ಹಾಗೆ ಹೇಳಿದೆ. "ಕರೆಂಟ್ ಓದ್ರೆ ನಿಂಗ್ ಕೇಳಕಿಲ್ಲ ಅಂತ ನಂಗ್ ಗೊತ್ತಿತ್ತು ಕಣವ್ವ! ಗೊತ್ತಿದ್ದೇ ಅವರ್ನ ಮೂರ್ ಗಂಟೆಗ್ ಮುಂಚೆ ಒಳೀಕ್ ಕರ್ಕೊಂಡೋದೆ! ನನ್ ಮಗಳ್ ಮದ್ವೆ ನಿಂತೋಯ್ತದೆ ಅಂತ ಮಾಡ್ದೆ!" ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುವುದನ್ನೂ ಜೋರಾಗಿಯೇ ಅತ್ತೆನೆಂದು ಕಾಣುತ್ತದೆ.

ತಂಗಿ ತನ್ನ ಆ ಮೆತ್ತನೆಯ ದನಿಯಲ್ಲಿ ಹೇಳಿದಳು: "ನೀನ್ ಅವತ್ತು ಕೇಳ್ತದೆ ಅಂದ್ಮೇಲೆ ನಂಗೂ ಅಂಗೇ ಅನ್ನಿಸ್ಬುಡ್ತು ಕಣಣ್ಣ. ಕಿವಿ ಸರ್ಯಾಗೈತೆ, ನಂದೇ ಗ್ಯಾನ ಇಲ್ಲ, ನಾನೇ ಕೆಟ್ಟೋಳು ಅಂತ. ನಮ್ಮತ್ತೆ ಸಾಯೋವಾಗ ಏನೋ ಅಂದ್ರು. ಕೇಳ್ನಿಲ್ಲ. ಸಾಯೋರ್ ಮಾತ್ಗೂ ಗ್ಯಾನ ಕೊಡ್ನಿಲ್ವಲ್ಲ ಅಂತ ಎಷ್ಟ್ ಅತ್ತಿವ್ನಿ ಗೊತ್ತಾ?"

ನಾನು ತಿಳಿದಿದ್ದು, ಅವಳಿಂದ ಗಂಡನ ಮನೆಯವರ ನಂಬಿಕೆಯನ್ನು ಕಿತ್ತುಕೊಂಡೆ ಎಂದು. ಅವಳಿಗೆ ಅವಳ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ.

"ನಿಂಗ್ ಏನ್ ಬೇಕೋ ಅನ್ನವ್ವ, ಬಯ್ಯಿ" ಎಂದೆ.

"ಬಯ್ಯೋದ್ ಆಮೇಲೆ. ಇದ್ನ ಅವರ್ಗೂ ಏಳು. ಕರೆಂಟಿನ್ ಇಸ್ಯ ಬುಟ್ಟು ಏಳ್ಬೇಡ." ಅವರು ಎಂದರೆ ಗಂಡ.

ಎದುರಿನ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈಗ್ ಒಟ್ಟೆ ತಣ್ಗಾಯ್ತಾ ಯಜಮಾನ? ಓಗು, ಆ ಎಣ್ಣೆಂಗ್ಸಿಗೆ ಒಂದ್ ಎಳ್ನೀರ್ ತಕ್ಕೊಂಬಾ" ಎಂದರು.

ಆಪರೇಷನ್ ಆಯಿತು. ಮೂರು ದಿನ ತಲೆಸುತ್ತು. ನಾಲಿಗೆಯೆಲ್ಲ ತಗಡು ನೆಕ್ಕಿದ ಹಾಗೆ ಎನ್ನುತ್ತಿದ್ದಳು, ಅದು ಕ್ರಮೇಣ ಹೋಗುತ್ತದೆ ಎಂದರು. ಕೆಲವು ದಿನದ ಮೇಲೆ ಕಿವಿಯೊಳಗಿನ ಅರಳೆ ತೆಗೆದಾಗ ಅವಳು ಮೊದಲು ಮಾಡಿದ್ದು ಜಗಳ. ನರ್ಸು ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದರೆ, "ಅಯ್ ಅದೇನ್ ಅಂಗ್ ಕಿರುಚ್ತದೆ, ಒಸಿ ಮೆಲ್ಲುಕ್ ಇಡ್ಕಳವ್ವ" ಎಂದು ರೇಗಿದಳು. ನನ್ನ ಕಡೆ ತಿರುಗಿ, "ಇಷ್ಟೊಂದ್ ಕೆಮ್ಮುತೀಯ ನೀನು? ಡಾಕ್ಟ್ರುಗ್ ತೋರುಸ್ಬಾರ್ದಾ?" ಎಂದಳು. ನಾನು ನಲವತ್ತು ವರ್ಷದಿಂದ ಮರದ ಧೂಳು ಕುಡಿದು ಕೆಮ್ಮುತ್ತಿದ್ದೇನೆ. ಅವಳಿಗೆ ಅದು ಅಂದೇ ಹೊಸದು. ಆ ಕ್ಷಣ ಆಪರೇಷನ್ ಮಾಡಿದ ಡಾಕ್ಟರಿಗೂ, ರಾಮನಗರದ ಡಾಕ್ಟರಮ್ಮನಿಗೂ, ಮಗು ಎತ್ತಿಕೊಳ್ಳಲು ನನ್ನನ್ನೇ ಕರೆದ ಆ ಹುಡುಗಿಗೂ ಮನಸ್ಸಿನಲ್ಲೇ ಅಡ್ಡಬಿದ್ದೆ. ಹುಡುಗಿಗೂ ಮುಂದಿನ ತಿಂಗಳು ಆಪರೇಷನ್. ಅವಳದು ಇನ್ನೂ ಶುರು, ಎರಡು ಕಿವಿಯೂ ಉಳಿಯಬಹುದಂತೆ.

ತಂಗಿಯನ್ನು ಕೂಟಗಲ್‌ಗೆ ಬಿಡಲು ಹೋದ ದಿನವೇ ಗಂಡನಿಗೆ ಹೇಳಿದೆ. ಅವರು ಜಗುಲಿಯ ಮೇಲೆ ಕುಳಿತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಕರೆಂಟಿನ ವಿಷಯ ಬಿಡದೆ ಹೇಳಿದೆ. ಎದ್ದು ಹೋಗು ಎನ್ನುತ್ತಾರೆಂದುಕೊಂಡಿದ್ದೆ. ಅವರು ಕತ್ತಿ ಕೆಳಗಿಟ್ಟರು.

"ನೀವ್ ಒಂದ್ ದಿನ ಮೋಸ ಮಾಡುದ್ರಿ ಭಾವ," ಎಂದರು. "ನಾನ್ ದಿನಾ ಬೈದೆ. ಪಂಪ್‌ಸೆಟ್ ಮನೆ ತಾವ ಮೋಟ್ರು ಓಡೋವಾಗ ಕೂಗುದ್ರೆ ಓಡ್ ಬರೋಳು. ಅದ್ನ ನಾನೂ ನೋಡಿವ್ನಿ. ನೋಡುದ್ರೂ ಕೇಳ್ನಿಲ್ಲ, ಯಾಕೆ ಅಂತ."

ತಂಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾವು ಮಾತಾಡುತ್ತಿದ್ದದ್ದು ಮೆಲ್ಲಗೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನಾನು ಕೇಳಿಯೂ ಇಲ್ಲ. ಒಳಗೆ ಹೋಗಿ ಮುದ್ದೆ ತಿರುವಿದಳು.

ಊಟಕ್ಕೆ ಕರೆದಾಗ ನಾನು ಗೋಡೆಯ ಕಡೆ, ಅವಳ ಎಡಕ್ಕೆ ಕುಳಿತೆ. ಅವಳ ಕಣ್ಣಿಗೆ ಆದಷ್ಟು ಕಾಣದ ಹಾಗೆ ಕೂರುವುದು ನನಗೆ ರೂಢಿಯಾಗಿತ್ತು. ಅವಳು ಸಾರಿನ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಅಲ್ಲಿ ಯಾಕ್ ಕುಂತ್ಕೊಂಡೆ ಅಣ್ಣ? ಆ ಕಡೆ ಕಿವಿ ಓಗೈತೆ. ನೀನೇನಾರಾ ಅಂದ್ರೆ ನಂಗ್ ಕೇಳಕಿಲ್ಲ. ಈ ಕಡೀಕ್ ಬಾ."

ನಾನು ತಟ್ಟೆ ಎತ್ತಿಕೊಂಡು ಎದ್ದು, ಅವಳ ಬಲಗಡೆಗೆ ಹೋಗಿ ಕುಳಿತೆ.